ಟಪಾಲು ಜಗಲಿಯ ‘ಈ ದಿನ’

ಸಿದ್ದಾಪುರದ ಅಂಚೆ ಕಚೇರಿಯಲ್ಲಿ ನಾನು ಪೋಸ್ಟ್‌ಮಾಸ್ಟರನಾಗಿದ್ದಷ್ಟು ಕಾಲವೂ ವಿರಾಜಪೇಟೆಯಿಂದ ಟಪಾಲು ತರುವ ಬಸ್ಸು ಹೇಳಿದ ಹೊತ್ತಿಗೆ ಬಂದದ್ದು ನನಗೆ ನೆನಪಿಲ್ಲ. ಮಳೆಗಾಲದಲ್ಲಿ ಕೆಸರು ಕಾರಣ, ಬೇಸಿಗೆಯಲ್ಲಿ ರೇಡಿಯೇಟರ್ ಕಾರಣ, ಎರಡೂ ಅಲ್ಲದ ದಿನ ಡ್ರೈವರನ ಅತ್ತೆಮನೆ ಕಾರಣ. ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳು, ಅಂಗಡಿಯವರು, ಊರಿನಿಂದ ಕಾಗದ ಬರುತ್ತದೆಂದು ಎಸ್ಟೇಟಿನ ಲೈನುಮನೆಗಳಿಂದ ಇಳಿದು ಬಂದ ಕೂಲಿಯವರು ಎಲ್ಲರೂ ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಇವರು ಒಬ್ಬರನ್ನೊಬ್ಬರು ಕೆತ್ತುತ್ತಿದ್ದರು. ಮಲಯಾಳದಲ್ಲಿ ಶುರುವಾದ ಜಗಳ ತಮಿಳಿಗೆ ಹೋಗಿ, ಉರ್ದುವಿನಲ್ಲಿ ಏರಿ, ಕನ್ನಡದಲ್ಲಿ ರಾಜಿಯಾಗುತ್ತಿತ್ತು. ನಡುನಡುವೆ ಯಾರಾದರೊಬ್ಬರು ನನ್ನ ಕಿಟಕಿಯೊಳಗೆ ತಲೆ ತೂರಿಸಿ, ಬಸ್ಸನ್ನು ನಾನೇ ಬಚ್ಚಿಟ್ಟುಕೊಂಡಿದ್ದೇನೇನೋ ಎಂಬಂತೆ ನೋಡುವರು. ನನಗೆ ಕಿಟಕಿಯೊಳಗೆ ತೂರಿದ ತಲೆ ಕಂಡರೆ ಆಗದು. ಈಗಲೂ ಆಗದು.

ಈ ಕಾಟಕ್ಕೆ ಮದ್ದು ತಂದವರು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು. ಆಗಷ್ಟೇ ರಿಟೈರಾಗಿದ್ದರು. ಶಿಳ್ಳೆ ಊದಿ ಮಕ್ಕಳನ್ನು ಓಡಿಸಿ ಅಭ್ಯಾಸವಾದವರಿಗೆ ಮನೆಯಲ್ಲಿ ಓಡಿಸಲು ಕೋಳಿಗಳ ಹೊರತು ಬೇರೆ ಯಾರೂ ಇರಲಿಲ್ಲ. ಒಂದು ದಿನ ಶಾಲೆಯವರು ಬಿಸಾಡಿದ, ಮೂಲೆ ಒಡೆದ ಕರಿಹಲಗೆಯೊಂದನ್ನು ಹೊತ್ತು ತಂದು, ನನ್ನನ್ನು ಒಂದು ಮಾತೂ ಕೇಳದೆ ಜಗಲಿಯ ಮೊಳೆಗೆ ತೂಗುಹಾಕಿದರು.

“ಗೋಡೆ ಸರ್ಕಾರದ್ದು ಮೇಷ್ಟ್ರೇ,” ಎಂದೆ.

“ಮೊಳೆಯೂ ಸರ್ಕಾರದ್ದೇ. ಹಲಗೆ ಮಾತ್ರ ನಂದು. ಸರ್ಕಾರ ಬಂದು ಕೇಳಿದ್ರೆ ಮೊಳೆ ವಾಪಸ್ ಕೊಡುವ,” ಎಂದರು.

ಹಲಗೆಯ ನೆತ್ತಿಯಲ್ಲಿ ‘ಈ ದಿನ’ ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ದಿನಕ್ಕೊಂದರಂತೆ ಚರಿತ್ರೆಯ ಸಾಲು, ಆಟದ ಸಾಲು, ಸಂಗೀತದ ಸಾಲು. ಚರಿತ್ರೆಗೆ ಅವರಲ್ಲಿ ಒಂದು ಹಳೆಯ ಇಂಗ್ಲಿಷ್ ಪಂಚಾಂಗವಿತ್ತು. ಯಾವ ತಾರೀಖಿಗೆ ಯಾರು ಹುಟ್ಟಿದರು, ಯಾರು ಯಾರನ್ನು ಕೊಂದರು ಎಂಬುದೆಲ್ಲ ಅದರಲ್ಲಿ ಇತ್ತು. ಆಟದ ಸಾಲಿಗೆ ಎಸ್ಟೇಟಿನ ಬಿಳಿ ದೊರೆಗಳ ಕ್ಲಬ್ಬಿನ ಬಟ್ಲರನು ಒಲೆಗೆಂದು ತೆಗೆದಿಟ್ಟ ಹಳೆಯ ಪತ್ರಿಕೆಗಳು. ಸಂಗೀತಕ್ಕೆ ಮಡಿಕೇರಿಯ ಗ್ರಾಮಫೋನ್ ಅಂಗಡಿಯವರು ಕೊಟ್ಟ ಪಟ್ಟಿ ಮತ್ತು ಮೇಷ್ಟ್ರ ಸ್ವಂತ ಧೈರ್ಯ. ಸಂಗೀತ ಅವರಿಗೆ ಏನೇನೂ ಬರುತ್ತಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆಯುವ ಜಾಯಮಾನ ಅವರದಲ್ಲ. ‘ಈ ದಿನ ಫ್ರಾನ್ಸಿನ ಒಬ್ಬ ರಾಜನ ತಲೆ ಹೋಯಿತು. ನಮ್ಮ ತಾಲೂಕು ಕಚೇರಿಯಲ್ಲೂ ತಲೆ ಹೋದವರಿದ್ದಾರೆ. ಕುತ್ತಿಗೆ ಇರುವುದರಿಂದ ಗೊತ್ತಾಗುವುದಿಲ್ಲ.’ ‘ಈ ದಿನ ಇಂಗ್ಲೆಂಡಿನಲ್ಲಿ ಎರಡು ಕ್ರಿಕೆಟ್ ತಂಡಗಳು ಹಗಲೆಲ್ಲ ಆಡಿ, ಯಾರೂ ಗೆಲ್ಲದೆ ಚಹ ಕುಡಿದು ಮನೆಗೆ ಹೋದವು. ಇದನ್ನು ನಾವು ಪಂಚಾಯ್ತಿ ಎನ್ನುತ್ತೇವೆ.’ ‘ಈ ದಿನ ಹುಟ್ಟಿದ ಇಟಲಿಯ ಸಂಗೀತಗಾರನೊಬ್ಬ ಅಡುಗೆಯಲ್ಲೂ ಗಟ್ಟಿಗನಂತೆ. ಅವನ ಹಾಡು ಕೇಳಿದವರು ಅಡುಗೆಯನ್ನೇ ಹೊಗಳಿದರೆಂದು ತಿಳಿಯಬಾರದು.’ ಓದಲು ಬರುವವರು ಓದಿ, ಬಾರದವರಿಗೆ ಅವರವರ ಭಾಷೆಯಲ್ಲಿ ಹೇಳುವರು. ತಮಿಳಿಗೆ ಹೋಗುವಷ್ಟರಲ್ಲಿ ಫ್ರಾನ್ಸಿನ ರಾಜನಿಗೆ ಇನ್ನೂ ಇಬ್ಬರು ಹೆಂಡಿರು ಸೇರಿರುತ್ತಿದ್ದರು. ನನ್ನ ಕಿಟಕಿ ಮಾತ್ರ ಖಾಲಿಯಾಯಿತು. ಸುಣ್ಣದಕಡ್ಡಿಯ ಪುಡಿ ಜಗಲಿಯ ತುಂಬ ಉದುರುತ್ತದೆಂದು ಗೊಣಗುವುದನ್ನು ನಾನು ಬಿಡಲಿಲ್ಲ. ಒಳಗೊಳಗೆ ಆ ಮನುಷ್ಯನಿಗೆ ಋಣಿಯಾಗಿದ್ದೆ.

ಒಮ್ಮೆ ಫಜೀತಿಯೂ ಆಯಿತು. ಮೇಷ್ಟ್ರು ‘ಈ ದಿನ ಇಂಗ್ಲೆಂಡಿನ ಅರಸರು ಕಾಲವಾದರು’ ಎಂದು ಬರೆದು, ಯಾವ ಶತಮಾನದ ಅರಸರು ಎಂದು ಬರೆಯುವ ಮೊದಲೇ ಕಡ್ಡಿ ಮುಗಿದು, ಇನ್ನೊಂದನ್ನು ತರಲು ಮನೆಗೆ ಹೋದರು. ಅಷ್ಟರಲ್ಲಿ ಒಬ್ಬ ರೈಟರು ಬಂದು ಓದಿದರು. ಅವರು ರಾಜಭಕ್ತರು. ಸೈಕಲ್ ಹತ್ತಿ ಎಸ್ಟೇಟಿಗೆ ಹೋದವರೇ ಕಾಫಿ ಹಣ್ಣಿನ ಪಿಕ್ಕಿಂಗ್ ನಿಲ್ಲಿಸಿ, ಜನರನ್ನೆಲ್ಲ ಲೈನಿಗೆ ಕಳಿಸಿ, ಬಂಗಲೆಗೆ ಹೋಗಿ ದೊರೆಯ ಮುಂದೆ ಟೋಪಿ ತೆಗೆದು ಸಂತಾಪ ಹೇಳಿದರಂತೆ. ದೊರೆಗೆ ಮೊದಲು ಕೈಕಾಲು ನಡುಗಿತು. ಆಮೇಲೆ ವಿಷಯ ತಿಳಿದು ಬೇರೆ ರೀತಿ ನಡುಗಿತು. ಕಾಫಿ ಹಣ್ಣು ಗಿಡದಲ್ಲೇ ಉಳಿದದ್ದಕ್ಕೆ ರೈಟರ ಗ್ರಹಚಾರ ಬಿಡಿಸಿದರು. ಮಾರನೆಯ ದಿನದಿಂದ ಮೇಷ್ಟ್ರು ಯಾರ ಸಾವನ್ನೇ ಬರೆಯಲಿ, ಪಕ್ಕದಲ್ಲಿ ‘ಹಳೆಯ ಸಾವು’ ಎಂದು ಸೇರಿಸತೊಡಗಿದರು.

ಆ ಮೇಲೆ ಯುದ್ಧ ಬಂತು. ಪೆಟ್ರೋಲ್ ಸಿಗದೆ ಬಸ್ಸು ಇದ್ದಲಿನ ಗ್ಯಾಸಿನಲ್ಲಿ ಓಡತೊಡಗಿತು. ಓಡತೊಡಗಿತು ಎನ್ನುವುದು ಮರ್ಯಾದೆಯ ಮಾತು. ಏರಿನಲ್ಲಿ ಪ್ರಯಾಣಿಕರು ಇಳಿದು ದೂಡುತ್ತಿದ್ದರು. ಜಗಲಿಯಲ್ಲಿ ಕಾಯುವವರ ಸಂಖ್ಯೆ ಹೆಚ್ಚಿತು. ಕೊಡಗಿನ ಮನೆಮನೆಯಿಂದ ಒಬ್ಬರಲ್ಲ ಒಬ್ಬರು ಸೈನ್ಯದ ಪಟಾಲಮ್ಮಿಗೆ ಸೇರಿದ್ದರು. ಹೆಡ್ ಕಾನ್‌ಸ್ಟೇಬಲರು ಒಂದು ದಿನ ಬಂದು, ಶತ್ರುದೇಶದ ಸಂಗೀತಗಾರನನ್ನು ಸರ್ಕಾರಿ ಗೋಡೆಯ ಮೇಲೆ ಹೊಗಳುವುದು ತಪ್ಪಲ್ಲವೇ ಎಂದು ಕೇಳಿದರು. ಮೇಷ್ಟ್ರು ಹಲಗೆಯ ಮೇಲಿದ್ದ ಜರ್ಮನಿಯವನನ್ನು ತೋರಿಸಿ, “ಅವ ಕಿವುಡ ಆಗಿದ್ದ ಸಾಹೇಬ್ರೇ. ಯುದ್ಧ ಆಗ್ತಾ ಇರೋದು ಅವನಿಗೆ ಗೊತ್ತಿಲ್ಲ,” ಎಂದರು. ಕಾನ್‌ಸ್ಟೇಬಲರು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಇರಲಿ ಎಂದು ಹೋದರು.

ಹೊಳೆಯಾಚೆಯ ಅಮ್ಮ ಜಗಲಿಗೆ ಬರತೊಡಗಿದ್ದು ಸಿಂಗಾಪುರ ಜಪಾನಿನವರ ಕೈಗೆ ಬಿದ್ದ ಮೇಲೆ. ಕಾವೇರಿಯ ಆಚೆ ದಡದಲ್ಲಿ ಗದ್ದೆ, ಒಂದಿಷ್ಟು ಕಾಫಿ ಇದ್ದ ಮನೆತನ. ಗಂಡ ತೀರಿಹೋಗಿದ್ದರು, ಮೈದುನ ಯಜಮಾನಿಕೆ ನೋಡುತ್ತಿದ್ದರು. ಒಬ್ಬನೇ ಮಗ. ಮೇಷ್ಟ್ರ ಶಾಲೆಯಲ್ಲಿ ಹಾಕಿ ಆಡಿದವನು, ಎಡಗಡೆಯ ಅಂಚಿನಲ್ಲಿ ಗಾಳಿಯ ಹಾಗೆ ಓಡುತ್ತಿದ್ದನಂತೆ. ಪಟಾಲಮ್ಮಿಗೆ ಸೇರಿ ಮಲಯಾಕ್ಕೆ ಹೋದ. ಅಲ್ಲಿಂದ ಕಾಗದ ಬರುತ್ತಿತ್ತು. ಸಿಂಗಾಪುರ ಬಿದ್ದ ಮೇಲೆ ಬರಲಿಲ್ಲ. ಅವರು ದಿನವೂ ದೋಣಿ ದಾಟಿ ಬಂದು, ಕಂಬಕ್ಕೆ ಒರಗಿ ನಿಂತು ಬಸ್ಸಿಗೆ ಕಾಯುವರು. ಓದು ಬರದು. ಮೇಷ್ಟ್ರು ಹಲಗೆ ಓದಿ ಹೇಳುವರು.

“ಇವತ್ತು ಯಾರು ಸತ್ತದ್ದು ಮೇಷ್ಟ್ರೇ?”

“ರೋಮಿನ ಒಬ್ಬ ಚಕ್ರವರ್ತಿ ಅಮ್ಮ.”

“ಹಳೇದಾ, ಹೊಸದಾ?”

“ತುಂಬಾ ಹಳೇದು.”

“ಹಾಗಾದ್ರೆ ಓದಿ,” ಎನ್ನುವರು.

ಅವರಿಗೆ ಎಲ್ಲದರ ಮೇಲೂ ಅಭಿಪ್ರಾಯವಿತ್ತು. ಚಕ್ರವರ್ತಿಯನ್ನು ಗೆಳೆಯರೇ ತಿವಿದು ಕೊಂದರೆಂದು ಕೇಳಿ, “ಮನೆ ಬಿಟ್ಟು ಹೊರಗೆ ಊಟ ಮಾಡುವ ಗಂಡಸ್ರಿಗೆ ಅದೇ ಗತಿ,” ಎಂದರು. ಕಿವುಡ ಸಂಗೀತಗಾರನ ಮೇಲೆ ಅವರಿಗೆ ಬಹಳ ಮರುಕ. ಅವನ ತಾಯಿ ಬದುಕಿದ್ದಳಾ ಎಂದು ಕೇಳಿದರು. ಕ್ರಿಕೆಟ್ಟನ್ನು ಮಾತ್ರ ಕೊನೆವರೆಗೂ ಒಪ್ಪಲಿಲ್ಲ. ಹಾಕಿಯಲ್ಲಿ ಮೂಳೆ ಮುರಿಯುತ್ತದೆ, ಆಟ ಎಂದರೆ ಅದು ಎನ್ನುವರು. ಬಸ್ಸು ಬಂದ ಮೇಲೆ ನನ್ನ ಕಿಟಕಿಗೆ ಬರುವರು. ನಾನು ಇಲ್ಲ ಎನ್ನುವೆ. ಅವರು ತಲೆಯಾಡಿಸಿ ಹೊಳೆಯ ಕಡೆ ನಡೆಯುವರು. ಆ ಒಂದು ತಲೆ ನನ್ನ ಕಿಟಕಿಯೊಳಗೆ ಬಂದರೆ ನಾನು ಸಿಡುಕುತ್ತಿರಲಿಲ್ಲ.

ಕೆಲವು ತಿಂಗಳಲ್ಲಿ ನಾನೊಂದು ಗಮನಿಸಿದೆ. ಹಲಗೆಯ ಮೇಲೆ ಯಾರೂ ಸಾಯುತ್ತಿರಲಿಲ್ಲ. ಮೇಷ್ಟ್ರು ಪಂಚಾಂಗದ ಪುಟ ತಿರುವಿ ತಿರುವಿ, ಯಾರೂ ಸಾಯದ ಚರಿತ್ರೆಯನ್ನು ಹುಡುಕುತ್ತಿದ್ದರು. ಅದು ಸುಲಭದ ಕೆಲಸವಲ್ಲ. ಇಡೀ ಪ್ರಪಂಚದ ಚರಿತ್ರೆಯಲ್ಲಿ ಯಾರೂ ಸಾಯದ ಸುದ್ದಿ ಎಂದರೆ ಯಾರೋ ಸೇತುವೆ ಕಟ್ಟಿದ್ದು, ಯಾರೋ ಬಲೂನಿನಲ್ಲಿ ಹಾರಿದ್ದು, ಯಾವುದೋ ರಾಣಿಗೆ ಆನೆ ಕಾಣಿಕೆ ಬಂದದ್ದು, ಇಷ್ಟೇ. ಬಲೂನಿನವನು ಕೂಡ ಆಮೇಲೆ ಬಿದ್ದು ಸತ್ತಿದ್ದ. ಅದನ್ನು ಮೇಷ್ಟ್ರು ನುಂಗಿಕೊಂಡರು. ಜಗಲಿಯವರಿಗೆ ಇದು ಹಿಡಿಸಲಿಲ್ಲ. “ಏನು ಮೇಷ್ಟ್ರೇ, ಹಲಗೆಗೆ ಉಪ್ಪುಖಾರವೇ ಇಲ್ಲ. ಒಂದು ಯುದ್ಧನಾದ್ರೂ ಹಾಕಿ,” ಎಂದು ರೈಟರೊಬ್ಬರು ಗೊಣಗಿದರು. ಯುದ್ಧ ಬೇಕಿದ್ದವರು ಪೇಪರ್ ಓದಬಹುದು ಎಂದು ಮೇಷ್ಟ್ರು ಬೆನ್ನು ತಿರುಗಿಸಿದರು.

ಯುದ್ಧ ಮುಗಿಯಿತು. ಒಬ್ಬೊಬ್ಬರೇ ಹಿಂದಿರುಗಿದರು. ಕೆಲವರು ಕುಂಟುತ್ತ, ಕೆಲವರು ಬೊಜ್ಜು ಬೆಳೆಸಿಕೊಂಡು. ಹೊಳೆಯಾಚೆಯ ಅಮ್ಮ ಬಂದವರೆಲ್ಲರ ಮನೆಗೂ ಹೋಗಿ ಕೇಳಿದರು. ಪೊನ್ನಂಪೇಟೆ ಕಡೆಯ ಒಬ್ಬ ಹವಾಲ್ದಾರ ಮಾತ್ರ ಆ ಹುಡುಗನನ್ನು ಕಂಡಿದ್ದ. ಕೈದಿಗಳನ್ನು ತುಂಬಿದ ಹಡಗಿಗೆ ಇವನನ್ನು ಹತ್ತಿಸಿದ್ದನ್ನು ನೋಡಿದ್ದನಂತೆ. ಹಡಗು ಎಲ್ಲಿಗೂ ತಲುಪಲಿಲ್ಲ. ಯಾವ ದಿನ ಎಂದು ಕೇಳಿದ್ದಕ್ಕೆ, “ಅಲ್ಲಿ ನಮ್ಗೆ ದಿನ ಅಂತ ಇರ್ಲಿಲ್ಲ ಅಮ್ಮ,” ಎಂದ. ಮುಂದೆ ಕೆಲವು ತಿಂಗಳಿಗೆ ಪಟಾಲಮ್ಮಿನ ಕಾಗದವೂ ಬಂತು. ತೀರಿಕೊಂಡಿದ್ದಾರೆಂದು ಭಾವಿಸಲಾಗಿದೆ ಎಂದಷ್ಟೇ ಇತ್ತು. ಇಂಗ್ಲಿಷಿನಲ್ಲಿದ್ದುದರಿಂದ ನಾನೇ ಓದಿ ಹೇಳಬೇಕಾಯಿತು. ನನ್ನ ಇಡೀ ಸರ್ವಿಸಿನಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಅವರು ಅಳಲಿಲ್ಲ. ಭಾವಿಸಿದ್ದು ಯಾರು ಎಂದು ಕೇಳಿದರು.

ನಮ್ಮ ಕಡೆ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಕೋವಿಯಿಂದ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು. ಸುತ್ತಲಿನವರು ಎಣಿಸಿ, ಕೈಕೆಲಸ ಬಿಟ್ಟು ಬರುತ್ತಾರೆ. ಕಾಗದ ಬಂದ ವಾರ ಮೈದುನ ಕೋವಿ ಒರೆಸಿ ಇಟ್ಟುಕೊಂಡು ಕಾದರು. ಹೊಳೆಯಾಚೆಯ ಅಮ್ಮ ಹೊಡೆಯಗೊಡಲಿಲ್ಲ. ಯಾವ ದಿನ ಸತ್ತ ಎಂದು ಹೇಳಿ, ಆಮೇಲೆ ಹೊಡೆಯಿರಿ ಎಂದರಂತೆ. ಮೈದುನ ಕೆಟ್ಟವರಲ್ಲ. ವರ್ಷವರ್ಷ ಎಡೆ ಇಡಲು, ದೀಪ ಹಚ್ಚಲು ಒಂದು ದಿನವಂತೂ ಬೇಕಲ್ಲ ಎಂದು ಜೋಯಿಸರನ್ನು ಕೇಳಿದರು. ದಿನ ಗೊತ್ತಿಲ್ಲದವರಿಗೆಲ್ಲ ಮಹಾಲಯ ಅಮಾವಾಸ್ಯೆ ಇದೆಯಲ್ಲ ಎಂದರು ಜೋಯಿಸರು.

ಮರುದಿನ ಬೆಳಿಗ್ಗೆ ಹೊಳೆಯಾಚೆಯ ಅಮ್ಮ ಜಗಲಿಗೆ ಬಂದರು. ಬಸ್ಸಿನ ಹೊತ್ತಲ್ಲ. ಮೇಷ್ಟ್ರು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

“ಮೇಷ್ಟ್ರೇ, ಅಮಾಸೆಗೆ ಮಾಡ್ಬೇಕಂತೆ. ಹೆಸರೇ ಗೊತ್ತಿಲ್ಲದ ಮುತ್ತಜ್ಜಂದಿರ ಸಾಲಿನಲ್ಲಿ ನನ್ನ ಮಗನ್ನ ಕೂರಿಸ್ಬೇಕಂತೆ. ಆಗುದಿಲ್ಲ. ಅವನಿಗೆ ಅವನದೇ ಒಂದು ದಿನ ಬೇಕು. ನಿಮ್ಗೆ ಎಲ್ಲಾರ ದಿನವೂ ಗೊತ್ತುಂಟಲ್ಲ. ನೋಡಿ ಹೇಳಿ.”

ಮೇಷ್ಟ್ರು ಬಟ್ಟೆ ಕೆಳಗಿಟ್ಟರು. ಆಮೇಲೆ ಒಂದು ಹುಚ್ಚು ಕೆಲಸ ಮಾಡಿದರು. ಚೀಲದಿಂದ ಪಂಚಾಂಗ ತೆಗೆದು ನಿಜವಾಗಿಯೂ ಪುಟ ತಿರುವಿದರು. ಅದರಲ್ಲಿ ಇರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಹುಶಃ ಆ ಅಮ್ಮನಿಗೂ ಗೊತ್ತಿತ್ತು. ಪುಟ ತಿರುವುವುದು ನಿಲ್ಲಿಸಿದರೆ ಏನಾದರೂ ಹೇಳಬೇಕಾಗುತ್ತದಲ್ಲ, ಅದಕ್ಕೆ ತಿರುವುತ್ತಿದ್ದರು.

“ಗೊತ್ತಿಲ್ಲ ಅಮ್ಮ,” ಎಂದರು ಕೊನೆಗೆ.

“ರೋಮಿನವನದ್ದು ಗೊತ್ತುಂಟು.”

“ಹೌದು ಅಮ್ಮ.”

“ನೀವೇ ಆಟ ಕಲಿಸಿದ ಹುಡುಗಂದು ಗೊತ್ತಿಲ್ಲ.”

“ಇಲ್ಲ ಅಮ್ಮ.”

ನಾನು ಕಿಟಕಿಯ ಈಚೆ ಮುದ್ರೆ ಒತ್ತುವ ನೆಪದಲ್ಲಿ ತಲೆ ತಗ್ಗಿಸಿದ್ದೆ. ನನಗೆ ಮೇಷ್ಟ್ರ ಮೇಲೆ ಕೋಪ ಬಂತು, ಪಂಚಾಂಗ ಅಚ್ಚು ಹಾಕಿದವನ ಮೇಲೆ ಬಂತು, ಜೋಯಿಸರ ಮೇಲೆ ಬಂತು. ಬರಬೇಕಾದವರ ಮೇಲೆ ಬಂದು ಪ್ರಯೋಜನವಿರಲಿಲ್ಲ. ಅವರು ಯಾರೆಂದೇ ನನಗೆ ತಿಳಿಯದು.

ಅಮ್ಮ ಕಂಬದ ಬುಡದಲ್ಲಿ ಕೂತರು. ಅಷ್ಟು ವರ್ಷಗಳಲ್ಲಿ ಅವರು ಜಗಲಿಯಲ್ಲಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ನಮಗಲ್ಲ, ಹೊಳೆಯ ಕಡೆಗೆ ಮುಖ ಮಾಡಿ ಮಾತಾಡಿದರು.

“ನಂಗೆ ಗೊತ್ತಿರುದು ಒಂದೇ ದಿನ. ಅವ ಹುಟ್ಟಿದ್ದು. ಹುತ್ತರಿಗೆ ಕದಿರು ತೆಗ್ದ ಮಾರನೇ ದಿನ, ಬೆಳಿಗ್ಗೆ. ಅವನ ಅಪ್ಪ ಅಂಗಳಕ್ಕೆ ಓಡಿ ಹೋಗಿ ಗುಂಡು ಹೊಡ್ದದ್ದು ನಾನು ಒಳಗೆ ಮಲಗಿ ಕೇಳಿದ್ದೇನೆ. ಅದನ್ನ ಬರೀತೀರಾ?”

ಇಲ್ಲಿ ಒಂದು ವಿಷಯ ಹೇಳಬೇಕು. ಮೇಷ್ಟ್ರು ಇಂಗ್ಲಿಷ್ ತಾರೀಖು ಇಲ್ಲದ ಯಾವುದನ್ನೂ ಹಲಗೆಗೆ ಹತ್ತಿಸಿದವರಲ್ಲ. ನಮ್ಮ ಜನರಿಗೋ ತಾರೀಖಿನ ಗೊಡವೆಯೇ ಇಲ್ಲ. ಮದುವೆಯಾದದ್ದು ಕೈಲ್ ಮುಹೂರ್ತದ ಹಬ್ಬ ಕಳೆದ ವಾರ, ಹಸು ಕಳೆದುಹೋದದ್ದು ತುಲಾ ಸಂಕ್ರಮಣಕ್ಕೆ ಮೊದಲು, ಹೀಗೆ. ಹೊಸ ಭತ್ತದ ಕದಿರು ಮನೆಗೆ ತರುವ ಹುತ್ತರಿಯಂತೂ ಹುಣ್ಣಿಮೆ, ನಕ್ಷತ್ರ ನೋಡಿ ಬರುವ ಹಬ್ಬ. ಒಂದು ವರ್ಷ ನವೆಂಬರಿನಲ್ಲಿ, ಒಂದು ವರ್ಷ ಡಿಸೆಂಬರಿನಲ್ಲಿ. ಊರಿನ ಹಿರಿಯರು ಎಷ್ಟೋ ಸಲ ಬಂದು, ನಮ್ಮಜ್ಜ ಹುಲಿ ಹೊಡೆದದ್ದನ್ನು ಹಾಕಿ, ಹುತ್ತರಿ ಮುಗಿದ ಮೇಲೆ ಎಂದು ಕೇಳಿದ್ದರು. “ವರ್ಷವರ್ಷ ಜಾಗ ಬದಲಿಸುವ ದಿನ ಚರಿತ್ರೆ ಅಲ್ಲ,” ಎಂದು ಮೇಷ್ಟ್ರು ಅವರನ್ನೆಲ್ಲ ವಾಪಸ್ ಕಳಿಸಿದ್ದರು. ಹುಲಿ ಹೊಡೆದವರ ಮೊಮ್ಮಗ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದ.

“ಬರೀತೇನೆ ಅಮ್ಮ,” ಎಂದರು ಮೇಷ್ಟ್ರು.

ಆಟದ ಸಾಲಿಗೆ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಂಗೀತದ ಸಾಲಿಗೆ ಏನು ಮಾಡುವುದು ಎಂದು ಯೋಚಿಸಿ, ಹುಡುಗ ಹಾಡುತ್ತಿದ್ದನೇ ಎಂದು ವಿಚಾರಿಸಿದರು. ಅಮ್ಮನ ಮುಖದಲ್ಲಿ ನಗು ಬಂತು. “ಅಯ್ಯೋ, ಅವ ಹಾಡಿದ್ರೆ ಹಟ್ಟಿಲಿ ದನ ಹಗ್ಗ ಜಗ್ಗ್ತಿದ್ವು,” ಎಂದರು.

ಆ ವರ್ಷದ ಹುತ್ತರಿ ಬಂತು. ಸಂಜೆ ಕದಿರು ತೆಗೆಯುವಾಗ ಹೊಳೆಯ ಎರಡೂ ದಡಗಳಲ್ಲಿ ಪ್ರತಿವರ್ಷದಂತೆ ಕೋವಿಗಳು ಢಮಢಮ ಎಂದವು. ಮಾರನೆಯ ಬೆಳಿಗ್ಗೆ ಜಗಲಿಗೆ ಬಂದವರು ಕೆಲವರೇ. ಉಳಿದವರು ಹಬ್ಬದ ಊಟದ ಭಾರದಲ್ಲಿ ಮಲಗಿದ್ದರು. ಮೇಷ್ಟ್ರು ಮಾತ್ರ ನಾನು ಬಾಗಿಲು ತೆಗೆಯುವ ಮೊದಲೇ ಬಂದು ಬರೆದು ಮುಗಿಸಿದ್ದರು.

‘ಈ ದಿನ ಹೊಳೆಯಾಚೆಯ ಮನೆಯಲ್ಲಿ ಬೆಳಿಗ್ಗೆ ಒಂದು ಗಂಡುಮಗು ಹುಟ್ಟಿತು.

ಎಡ ಅಂಚಿನಲ್ಲಿ ಇವನಷ್ಟು ವೇಗವಾಗಿ ಓಡಿದವರನ್ನು ಈ ಡ್ರಿಲ್ ಮೇಷ್ಟ್ರು ಕಂಡಿಲ್ಲ. ಚೆಂಡನ್ನು ಪಾಸ್ ಮಾಡು ಎಂದು ಎಷ್ಟು ಕೂಗಿದರೂ ಕೇಳುತ್ತಿರಲಿಲ್ಲ.

ಇವನಿಗೆ ಹಾಡಲು ಬರುತ್ತಿರಲಿಲ್ಲ. ದನಗಳು ಸಾಕ್ಷಿ.’

ಕೆಳಗೆ ತಾರೀಖಿರಲಿಲ್ಲ, ಇಸವಿಯೂ ಇರಲಿಲ್ಲ. ಹುಲಿ ಹೊಡೆದವರ ಮೊಮ್ಮಗ ಬಂದು ಓದಿದ. ಅವನು ಏನಾದರೂ ತಕರಾರು ತೆಗೆಯುತ್ತಾನೆಂದು ನಾನು ಕಾದೆ. ಅವನು ಎರಡನೆಯ ಸಲ ಓದಿ, ಮೇಷ್ಟ್ರಿಗೆ ಎಲೆಯಡಿಕೆಯ ಚೀಲ ಚಾಚಿದ.

ಅಷ್ಟರಲ್ಲಿ ಹೊಳೆಯಾಚೆಯಿಂದ ಒಂದು ಗುಂಡಿನ ಸದ್ದು ಕೇಳಿತು. ನಮ್ಮ ಕಡೆಯವರು ಗುಂಡಿನ ಸದ್ದು ಕೇಳಿದರೆ ಉಸಿರು ಹಿಡಿದು ಎರಡನೆಯದಕ್ಕೆ ಕಾಯುತ್ತಾರೆ, ಅದು ಹುಟ್ಟಿನಿಂದ ಬಂದ ಅಭ್ಯಾಸ. ನಾನೂ ಕಾದೆ. ಮೇಷ್ಟ್ರೂ ಕಡ್ಡಿ ಹಿಡಿದು ಕಾದರು. ಹೊಳೆಯ ಮೇಲಿನ ಮಂಜು ಕರಗುವವರೆಗೂ ಬೇರೆ ಸದ್ದು ಬರಲಿಲ್ಲ.

ದೋಣಿ ದಾಟಿ ಅಮ್ಮ ಬಂದರು. ಏರು ಹತ್ತಿದ್ದರಿಂದ ಏದುಸಿರು ಬರುತ್ತಿತ್ತು. ಹಲಗೆಯ ಕಡೆ ನೋಡಲೇ ಇಲ್ಲ. ನೇರ ಮೇಷ್ಟ್ರ ಹತ್ತಿರ ಹೋಗಿ ನಿಂತರು.

“ಇಲ್ಲಿವರೆಗೆ ಕೇಳಿತಾ ಮೇಷ್ಟ್ರೇ?”

“ಕೇಳಿತು ಅಮ್ಮ.”

“ಎಷ್ಟು ಕೇಳಿತು?”

“ಒಂದೇ,” ಎಂದರು ಮೇಷ್ಟ್ರು.